ಒನಕೆ ಕ್ಯಾರಿಯರ್

ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ಆ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಕಂಡ ಕಂಡ ವಾಹನಗಳ ನೆತ್ತಿ ನೋಡುತ್ತಾ ತಿರುಗುವವಳಾಗಿದ್ದೆ. ಅಜ್ಜಂಪುರದ ಸ್ಟ್ಯಾಂಡಿಗೆ ತರೀಕೆರೆ ಬಸ್ಸು ಬಂದರೆ ಎಲ್ಲರೂ ಕಿಟಕಿಯಿಂದ ಸೀಟಿಗೆ ಟವೆಲ್ಲು ಹಾಕಲು ಓಡುತ್ತಿದ್ದರು. ನಾನು ಬಸ್ಸಿನ ಹಿಂದಿನ ಏಣಿಯ ಹತ್ತಿರ ಹೋಗಿ ಕತ್ತೆತ್ತಿ ನಿಲ್ಲುತ್ತಿದ್ದೆ. ಮೇಲೆ ಸೈಕಲ್ಲು, ಸೌತೆಕಾಯಿ ಮೂಟೆ, ಕೋಳಿಪಂಜರ, ಒಮ್ಮೆ ಯಾರದೋ ಹೊಸ ಮಂಚ. ಯಾವುದನ್ನು ಮಲಗಿಸಿದ್ದಾರೆ, ಯಾವುದನ್ನು ನಿಲ್ಲಿಸಿದ್ದಾರೆ, ಹಗ್ಗ ಎಲ್ಲಿಂದ ಹೊರಟು ಎಲ್ಲಿ ಗಂಟಾಗಿದೆ, ಇಷ್ಟೇ ನನ್ನ ಚಿಂತೆ. ಬಿಎಸ್ಸಿ ಓದಿದ ಹುಡುಗಿಗೆ ಬಸ್ಸಿನ ಹುಚ್ಚು ಹಿಡಿದಿದೆ ಎಂದು ಯಾರೋ ಅವ್ವನ ಕಿವಿಗೆ ಹಾಕಿದರು.

ಹುಚ್ಚು ಬಸ್ಸಿನದಲ್ಲ, ದೋಣಿಯದು. ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಗೆಳತಿಯ ತಂದೆ ಲಕ್ಕವಳ್ಳಿ ಅಣೆಕಟ್ಟಿನ ಹತ್ತಿರ ಎಂಜಿನಿಯರ್ ಆಗಿದ್ದರು. ಯಾವ ಕಾಲದಲ್ಲೋ ಬಂದುಹೋದ ವಿದೇಶಿ ತಜ್ಞರೊಬ್ಬರು ಬಿಟ್ಟುಹೋದ ಎರಡು ಕಯಾಕ್‌ಗಳು ಅವರ ಹಿತ್ತಲಲ್ಲಿದ್ದವು. ಫೈಬರಿನ ಹಗುರ ದೋಣಿಗಳು, ನುಗ್ಗೆಕಾಯಿಯ ಹಾಗೆ ಉದ್ದ, ಎರಡೂ ತುದಿ ಚೂಪು, ನಡುವೆ ಒಬ್ಬರು ಕೂರುವಷ್ಟು ಕುಳಿ. ರಜೆಯಲ್ಲಿ ಅಲ್ಲಿಗೆ ಹೋದಾಗಲೆಲ್ಲ ಹಿನ್ನೀರಿನಲ್ಲಿ ಹುಟ್ಟು ಹಾಕಿ ಹಾಕಿ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಈಗ ಅವರಿಗೆ ವರ್ಗವಾಗಿತ್ತು. ತಿಂಗಳ ಕೊನೆಯೊಳಗೆ ಮನೆ ಖಾಲಿ ಮಾಡಬೇಕು. "ನೀನು ಒಯ್ಯೋದಾದ್ರೆ ಒಯ್ಯಿ, ಇಲ್ದಿದ್ರೆ ತೋಟದವನು ಕೊಯ್ದು ದನಕ್ಕೆ ಕಲಗಚ್ಚಿನ ಬಾನಿ ಮಾಡ್ಕೋತಾನಂತೆ" ಎಂದು ಗೆಳತಿ ಹೇಳಿ ಕಳಿಸಿದ್ದಳು.

ಆ ವರ್ಷ ಎಮ್ಮೆದೊಡ್ಡಿ ಕಡೆಯ ಕೆರೆ ತುಂಬಿ ಕೋಡಿ ಬಿದ್ದಿತ್ತು. ಅವ್ವನ ತವರು ಆ ಕೆರೆಯ ಪಕ್ಕದ ಹಳ್ಳಿ. ಹುಲ್ಲಿನ ಕೊಟ್ಟಿಗೆಯಲ್ಲಿ ದೋಣಿ ಇಡಲು ಜಾಗ ಕೊಡುತ್ತೇನೆ ಎಂದು ಸೋದರಮಾವ ಒಪ್ಪಿಯೂ ಆಗಿತ್ತು. ಲಾರಿಗೆ ಹಾಕಬಹುದಲ್ಲ ಎಂದು ನೀವು ಕೇಳಬಹುದು. ಹಿಂದೆ ಲಕ್ಕವಳ್ಳಿಗೆ ಲಾರಿಯಲ್ಲಿ ಬಂದಾಗಲೇ ಒಂದು ಬಿರುಕು ಬಿಟ್ಟಿತ್ತು, ಮತ್ತೆ ಅದರ ಮೇಲೆ ಮೂಟೆ ಒಗೆಯಲು ಬಿಡುವ ಧೈರ್ಯ ನನಗಿರಲಿಲ್ಲ. ಉಳಿದದ್ದು ನಮ್ಮ ಅಂಬಾಸಿಡರ್ ಕಾರು. ಅದಕ್ಕೊಂದು ಕ್ಯಾರಿಯರ್ ಹಾಕಿಸಿದರೆ ಮುಗಿಯಿತು ಎಂದುಕೊಂಡಿದ್ದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಅಪ್ಪಾಜಿಗೆ ಕೊಬ್ಬರಿ ವ್ಯಾಪಾರ. ಮಾತು ಕಡಿಮೆ, ಕಾರಿನ ಮೇಲೆ ಪ್ರೀತಿ ಹೆಚ್ಚು. ಸೋಮವಾರ ಲಿಂಗಪೂಜೆ ಮುಗಿಸಿದವರೇ ಕಾರು ತೊಳೆಯಲು ಇಳಿಯುತ್ತಿದ್ದರು. "ನನ್ನನ್ನೂ ಒಂದಿನ ಹಂಗೆ ಒರೆಸಿದ್ರೆ ನಾನೂ ಹೊಳೀತಿದ್ದೆ" ಎಂದು ಅವ್ವ ರೇಗಿಸುವುದಿತ್ತು. ನಾನು ಕ್ಯಾರಿಯರ್ ಎಂದ ಕೂಡಲೇ ಅವರು ಊಟದ ತಟ್ಟೆಯಿಂದ ತಲೆ ಎತ್ತದೆ, "ನನ್ನ ಕಾರಿಗೆ ಕ್ಯಾರಿಯರ್ ಬೇಡ" ಎಂದರು. ಯಾಕೆ ಎಂದೆ. ಬೇಡ ಎಂದರೆ ಬೇಡ. ಅಷ್ಟು ಹೇಳಿ ಮಜ್ಜಿಗೆ ಕುಡಿದು ಎದ್ದವರು, ಕೈ ತೊಳೆದು ಬಂದು ಇನ್ನೊಂದು ವಿಚಿತ್ರ ಪ್ರಶ್ನೆ ಕೇಳಿದರು.

"ಆ ದೋಣೀಲಿ ಕೂತ್ಕೊಂಡು ಹೋಗೋದಾ, ಮಲಕ್ಕೊಂಡು ಹೋಗೋದಾ?"

"ಕೂತ್ಕೊಂಡೇ ಅಪ್ಪಾಜಿ. ಕಾಲು ಮುಂದಕ್ಕೆ ಚಾಚಿ, ಬೆನ್ನು ನೆಟ್ಟಗೆ."

"ಹೂಂ" ಎಂದು ಒಳಗೆ ಹೋದರು. ಆ ಪ್ರಶ್ನೆಯ ತಲೆಬುಡ ನನಗೆ ಹತ್ತಲಿಲ್ಲ.

ಬೇಡ ಎಂದದ್ದನ್ನು ಬಿಡುವ ಜಾಯಮಾನ ನನ್ನದಲ್ಲ. ಒಳ್ಳೆಯ ಕ್ಯಾರಿಯರ್ ಕಣ್ಣಿಗೆ ಕಂಡರೆ ಅವರೇ ಒಪ್ಪುತ್ತಾರೆ ಎಂದು ಹುಡುಕಲು ಹೊರಟೆ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ" ಎಂದಳು ಅವ್ವ. ನಮ್ಮ ಕಡೆ ಕ್ಯಾರಿಯರ್ ಎಂದರೆ ಸಾಕಾಗುವುದಿಲ್ಲ, ಯಾವುದು ಎಂದೂ ಹೇಳಬೇಕು. ಕಡೂರಿನ ಅಂಗಡಿಯೊಂದರಲ್ಲಿ "ದೊಡ್ಡ ಕ್ಯಾರಿಯರ್ ಬೇಕಿತ್ತು" ಎಂದಿದ್ದಕ್ಕೆ ಐದು ಅಂತಸ್ತಿನ ಊಟದ ಡಬ್ಬಿಯನ್ನು ತಂದು ಮುಂದಿಟ್ಟರು.

ಅಲ್ಲಿಂದ ಕಡೂರಿನ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋದೆ. ಟ್ಯಾಕ್ಸಿಗಳ ಮೇಲೆ ಕಬ್ಬಿಣದ ಕ್ಯಾರಿಯರ್‌ಗಳಿದ್ದವು, ನಾಲ್ಕೂ ಕಡೆ ಗೇಣೆತ್ತರದ ಕಟಕಟೆ. ಟ್ರಂಕು, ಹಾಸಿಗೆಗೆ ಅದು ಚೆಂದ. ಆದರೆ ಕಾರಿಗಿಂತ ಮೊಳ ಉದ್ದದ ದೋಣಿ ಅದರೊಳಗೆ ಕೂರುವುದಿಲ್ಲ, ಹಿಂದೆ ಮುಂದೆ ಕಟಕಟೆಯ ಮೇಲೆ ನಿಂತು ಓಲಾಡುತ್ತದೆ. "ಇದ್ರ ಮೇಲೆ ಏನೇನು ಸಾಗಿಸ್ತೀರಿ?" ಎಂದು ವಯಸ್ಸಾದ ಡ್ರೈವರನ್ನು ಕೇಳಿದೆ.

"ಎಲ್ಲಾನೂ ಕಣಮ್ಮ. ಮದ್ವೆ ಬೀರು, ಬಾಳೆಗೊನೆ, ಆಸ್ಪತ್ರೆಯಿಂದ ಹೆಣ. ಇಂಥದ್ದು ಒಲ್ಲೆ ಅನ್ನೋಂಗಿಲ್ಲ."

ನಾನು ತಲೆಯಾಡಿಸಿ ಪೈಪಿನ ದಪ್ಪ ನೋಡುತ್ತಿದ್ದೆ.

ಮರುದಿನ ತರೀಕೆರೆಯಲ್ಲಿ ಬಸ್ಸಿನ ಟಾಪು ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿ. ಅಲ್ಲಿಯವನು ಕಾರಿನ ಟಾಪಿಗೆ ತೂತು ಹಾಕಿ ನಟ್ಟು ಬೋಲ್ಟು ಬಿಗಿದರೆ ಆನೆ ಹತ್ತಿದರೂ ಅಲ್ಲಾಡುವುದಿಲ್ಲ ಎಂದ. ತೂತು ಹಾಕಿದರೆ ಅಪ್ಪಾಜಿ ನನ್ನನ್ನೇ ಮನೆಯಿಂದ ಆಚೆ ಹಾಕುತ್ತಾರೆ ಎಂದೆ.

"ಹಂಗಾದ್ರೆ ದೋಣಿಗೆ ಕೊಕ್ಕೆ ಹಾಕ್ಬೇಕು" ಎಂದ.

"ದೋಣಿಗಲ್ಲಪ್ಪ, ಕಾರಿಗೆ."

"ಅದನ್ನೇ ಹೇಳ್ತಿರೋದು ಕಣಕ್ಕ, ದೋಣಿಗೆ."

ಇಬ್ಬರೂ ಸ್ವಲ್ಪ ಹೊತ್ತು ಹೀಗೇ ಗುದ್ದಾಡಿದ ಮೇಲೆ ತಿಳಿಯಿತು. ಮಳೆನೀರು ಇಳಿಯಲು ಕಾರಿನ ಟಾಪಿನ ಸುತ್ತ ಇರುವ ಸಣ್ಣ ಕಾಲುವೆಗೆ ಅವನು ದೋಣಿ ಎನ್ನುತ್ತಿದ್ದ. ಹೆಂಚಿನ ಸೂರಿಗೆ ಕಟ್ಟುವ ತಗಡಿನ ದೋಣಿಯ ಹಾಗೆ. ದೋಣಿ ಹೊರಲು ದೋಣಿಯೇ ಬೇಕು ಎನ್ನುವುದು ನನಗೆ ಬಹಳ ಹಿಡಿಸಿತು. ಬಸ್ಸಿನಲ್ಲಿ ಬರುವಾಗ ಒಬ್ಬಳೇ ನಗುತ್ತಿದ್ದೆ, ಪಕ್ಕದ ಹೆಂಗಸು ಸ್ವಲ್ಪ ದೂರ ಸರಿದು ಕೂತಳು.

ಕೊಕ್ಕೆಯ ಉಪಾಯವೇನೋ ಸಿಕ್ಕಿತು, ಕೊಕ್ಕೆಗೆ ಕೂರುವುದು ಏನು? ಹಿತ್ತಲಲ್ಲಿ ಬೆಂಚು ಹಾಕಿ, ಅದರ ಮೇಲೆ ಅಡ್ಡಡ್ಡ ಎರಡು ಒನಕೆ ಇಟ್ಟು, ಮೇಲೊಂದು ಉದ್ದನೆಯ ಬಾಳೆದಿಂಡು ಮಲಗಿಸಿ ನೋಡಿದೆ. ಒನಕೆಗಳು ಹತ್ತಿರವಿದ್ದರೆ ದಿಂಡು ಏತದ ಹಾಗೆ ಮೇಲೆ ಕೆಳಗೆ ಆಡುತ್ತದೆ. ದೂರ ಸರಿಸಿದರೆ ಮಿಸುಕುವುದಿಲ್ಲ. ಸುತ್ತ ಕಟಕಟೆಯೂ ಬೇಡ, ಕೆಳಗೆ ಹಲಗೆಯೂ ಬೇಡ. ಎರಡು ಅಡ್ಡಮರ, ನಾಲ್ಕು ಕೊಕ್ಕೆ, ದೋಣಿಯ ಮೂತಿಯಿಂದ ಬಂಪರಿಗೊಂದು ಹಗ್ಗ. ಇಷ್ಟು ತಿಳಿಯಲು ನಾನು ಎರಡು ಊರು ಸುತ್ತಿದ್ದೆ.

ದಿಂಡನ್ನು ಪಲ್ಯಕ್ಕೆ ಹೆಚ್ಚಲು ಕಾಯುತ್ತಾ ನಿಂತಿದ್ದ ಅವ್ವನಿಗೆ ಇದನ್ನೆಲ್ಲ ವಿವರಿಸಿದೆ. ಆಮೇಲೆ, ಇಷ್ಟು ಸಣ್ಣ ಸಂಗತಿಗೆ ಅಪ್ಪಾಜಿಯದು ಎಂಥ ಹಟ, ಬಣ್ಣ ಕೆರೆದೀತು ಎಂದು ಮಗಳ ಆಸೆಗೆ ಕಲ್ಲು ಹಾಕುವವರು ಎಂದು ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಆಡಿದೆ.

ಅವ್ವ ಬೆಂಚಿನ ತುದಿಯಲ್ಲಿ ಕೂತಳು. "ಬಣ್ಣಕ್ಕಲ್ಲ ಕಣೇ" ಎಂದಳು.

ಅಪ್ಪಾಜಿಯ ತಂದೆ, ನನ್ನ ಅಜ್ಜ, ತೀರಿಕೊಂಡಾಗ ನಾನು ತೊಟ್ಟಿಲ ಕೂಸು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೋದರು ಎಂದಷ್ಟೇ ನನಗೆ ಗೊತ್ತಿತ್ತು. ಉಳಿದದ್ದನ್ನು ಅವ್ವ ಹೇಳಿದಳು. ದೇಹವನ್ನು ಊರಿಗೆ ತರಲು ಸಿಕ್ಕಿದ್ದು ಒಂದು ಟ್ಯಾಕ್ಸಿ. ಸೀಟಿನಲ್ಲಿ ತಮ್ಮ ಪಕ್ಕ ಕೂರಿಸಿಕೊಂಡು ಬರುವುದಾಗಿ ಅಪ್ಪಾಜಿ ಬೇಡಿಕೊಂಡರೂ ಡ್ರೈವರ್ ಒಪ್ಪಲಿಲ್ಲ. ಮೇಲೆ ಕ್ಯಾರಿಯರಿನಲ್ಲಿ ಮಲಗಿಸಿ ಹಗ್ಗ ಕಟ್ಟಿದರು. ದಾರಿಯಲ್ಲಿ ಮಳೆ, ಹಗ್ಗ ಸಡಿಲವಾಗಿ, ಮೇಲೆ ಸದ್ದಾದಾಗಲೆಲ್ಲ ಅಪ್ಪಾಜಿ ಗಾಡಿ ನಿಲ್ಲಿಸಿ ಇಳಿಯುತ್ತಿದ್ದರಂತೆ.

"ನಮ್ಮಲ್ಲಿ ಹೋದೋರನ್ನ ಕೂರಿಸ್ತೀವಲ್ವಾ. ಕೂರಿಸಿ, ಇಬತ್ತಿ ಹಚ್ಚಿ, ಹೂವಿನ ಇಮಾನ ಕಟ್ಟಿ ಅದ್ರಾಗೆ ಕೂರಿಸ್ಕೊಂಡೇ ಹೋಗಿ, ಮಣ್ಣಾಗೂ ಕೂರಿಸೇ ಬಿಡೋದು. ಊರಿಗೆ ಬರೋ ಹೊತ್ತಿಗೆ ಮರದಂಗೆ ಸೆಟೆದುಬಿಟ್ಟಿದ್ರು ನಿಮ್ಮಜ್ಜ. ಮಂಡಿ ಬಗ್ಗಲಿಲ್ಲ. ನಾಲ್ಕು ಜನ ಸೇರಿ ಬಗ್ಗಿಸಿದ್ರು. ನಿಮ್ಮಪ್ಪಾಜಿ ಅಲ್ಲೇ ನಿಂತಿದ್ರು."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನಾಲ್ಕು ಜನ ಎಂಬ ಮಾತು ನನ್ನನ್ನು ಬಿಡಲಿಲ್ಲ. ಕಾರು ಯಾಕೆ ಕೊಂಡರು, ಊರಲ್ಲಿ ಯಾರಿಗೆ ಕಾಯಿಲೆಯಾದರೂ ಅವರೇ ಯಾಕೆ ಓಡಿಸಿಕೊಂಡು ಹೋಗುತ್ತಾರೆ ಎನ್ನುವುದೆಲ್ಲ ಒಟ್ಟಿಗೆ ತಿಳಿಯಿತು. ದೋಣಿ ಬಾನಿಯಾದರೆ ಆಗಲಿ, ಬಿಟ್ಟುಬಿಡುತ್ತೇನೆ ಎಂದೆ.

ಅವ್ವ ದಿಂಡನ್ನು ಬಗಲಿಗೆ ಎತ್ತಿಕೊಂಡು ಎದ್ದಳು. "ಅವ್ರು ಬೇಡ ಅಂದಿದ್ದು ಕ್ಯಾರಿಯರ್ರು. ಒನಕೆ ಬೇಡ ಅಂದಿಲ್ವಲ್ಲ."

ಅಕ್ಕಿ ಗಿರಣಿ ಬಂದ ಮೇಲೆ ನಮ್ಮ ಒನಕೆಗಳಿಗೆ ಕೆಲಸವಿರಲಿಲ್ಲ. ತರೀಕೆರೆಯವನು ನಾಲ್ಕು ಕೊಕ್ಕೆ ಮಾಡಿಕೊಟ್ಟ, ಬಣ್ಣ ಕೆರೆಯದಂತೆ ಒಳಗೆ ಸೈಕಲ್ ಟ್ಯೂಬು ಸುತ್ತಿದ. ಅವ್ವನೂ ನಾನೂ ಸೇರಿ ಒನಕೆಗಳನ್ನು ಕಾರಿನ ಮೇಲೆ ಕೂರಿಸುತ್ತಿದ್ದಾಗ ಅಪ್ಪಾಜಿ ಅಂಗಡಿಯಿಂದ ಬಂದರು. ಬಾಗಿಲಲ್ಲೇ ನಿಂತರು. ಒರಳಿಗೆ ತಲೆ ಕೊಟ್ಟಾಗಿತ್ತು, ಇನ್ನು ಒನಕೆ ಪೆಟ್ಟಿಗೆ ಅಂಜುವ ಹಾಗಿರಲಿಲ್ಲ.

"ಏನೇ ಇದು?" ಎಂದರು ಅವ್ವನಿಗೆ.

"ಒನಕೆ" ಎಂದಳು ಅವ್ವ.

ಅವರು ಅವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು. ಅವಳು ಹೇಳಿದ್ದಾಳೆ ಎಂಬುದು ಅವರಿಗೆ ತಿಳಿಯಿತು ಎಂದು ನನಗೂ ತಿಳಿಯಿತು. ಹತ್ತಿರ ಬಂದು ಮುಂದಿನ ಒನಕೆಯನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಅದು ಅಲುಗಲಿಲ್ಲ. "ಹಗ್ಗ ನಾನೇ ಕಟ್ತೀನಿ" ಎಂದು ಒಳಗೆ ಹೋದರು.

ಮೂವರೂ ಲಕ್ಕವಳ್ಳಿಗೆ ಹೋದೆವು. ಅಲ್ಲಿ ಅವರು ಕಟ್ಟಿದ್ದನ್ನು ನೋಡಿಯೇ ತಿಳಿಯಬೇಕು. ದೋಣಿಗಳನ್ನು ಬೋರಲು ಮಲಗಿಸಿದೆವು. ಒಂದಕ್ಕೊಂದು ಉಜ್ಜದಂತೆ, ಕಾರಿಗೂ ತಾಗದಂತೆ ತಮ್ಮ ಹಳೆಯ ಬಿಳಿ ಪಂಚೆಗಳನ್ನು ಎರಡಕ್ಕೂ ತಲೆಯಿಂದ ಬುಡದವರೆಗೆ ಸುತ್ತಿದರು. ನಾನು ಒಂದು ಗಂಟು ಹಾಕಿದರೆ ಅದನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದರು. "ಸಡಿಲ ಬಿಡ್ಬೇಡ ಕಣವ್ವ, ಸಡಿಲ ಬಿಡ್ಬೇಡ" ಎಂದು ಬಾಯಲ್ಲಿ ಅದೇ ಮಾತು. ತರೀಕೆರೆ ದಾಟುವಾಗ ಎದುರು ಬಂದವರು ಸೈಕಲ್ ಇಳಿದು ನಿಲ್ಲುತ್ತಿದ್ದುದು ಕಂಡೆ. ನಮ್ಮ ಒನಕೆಗೆ ಇಷ್ಟು ಮರ್ಯಾದೆಯೇ ಎಂದು ಬೀಗಿದೆ.

ಬೀರೂರು ಕಳೆದ ಮೇಲೆ ರೈಲ್ವೆ ಗೇಟು ಹಾಕಿತ್ತು. ಕಾರು ನಿಂತಿತು, ಹಿಂದೊಂದು ಬಸ್ಸು, ಎರಡು ಗಾಡಿ. ಗಾಡಿಯಿಂದ ಇಳಿದ ಮುದುಕಿಯೊಬ್ಬಳು ಚಪ್ಪಲಿ ಬಿಟ್ಟು ನಮ್ಮ ಕಾರಿಗೆ ಕೈ ಮುಗಿದಳು. "ಎರಡಾ? ಗಂಡ ಹೆಂಡ್ತಿಯಾ?" ಎಂದು ಕಿಟಕಿಯಲ್ಲಿ ಬಗ್ಗಿ ಅವ್ವನನ್ನು ಕೇಳಿದಾಗ ಬಿಳಿ ಪಂಚೆ ಸುತ್ತಿದ ದೋಣಿಗಳು ದಾರಿಯವರಿಗೆ ಏನಾಗಿ ಕಾಣುತ್ತಿವೆ ಎಂದು ನನಗೆ ಹೊಳೆಯಿತು. ಅಷ್ಟರಲ್ಲಿ ಬಸ್ಸಿನಿಂದ ಇಳಿದ ಒಬ್ಬ ಅಜ್ಜ, ಹಣೆಯ ತುಂಬ ವಿಭೂತಿ, ಅಪ್ಪಾಜಿಯ ಕಡೆಯ ಬಾಗಿಲಿಗೆ ಬಂದು ನಿಂತರು. ಅಪ್ಪಾಜಿಯ ಹಣೆಯ ವಿಭೂತಿ ನೋಡಿದರು.

"ನಮ್ಮೋರೇ ಇದ್ದಂಗೆ ಇದ್ದೀಯ. ಹಿಂಗೆ ಮಲಗಿಸಿ ತರಬಾರ್ದು ಕಣಪ್ಪ. ಊರು ಮುಟ್ಟೋದ್ರಾಗೆ ಸೆಟೆದುಬಿಡ್ತದೆ. ಆಮೇಲೆ ಕೂರಾಕಿಲ್ಲ."

ಅಪ್ಪಾಜಿ ಸ್ಟಿಯರಿಂಗ್ ಹಿಡಿದ ಕೈಯನ್ನೇ ನೋಡುತ್ತಿದ್ದರು. ವಾಪಸ್ ಮನೆಗೆ ಹೋಗೋಣ ಎನ್ನುತ್ತಾರೆ ಎಂದುಕೊಂಡೆ, ಎಂದಿದ್ದರೆ ನಾನು ಎದುರಾಡುತ್ತಿರಲಿಲ್ಲ. ಅವರು ಬಾಗಿಲು ತೆಗೆದು ಇಳಿದರು. ತಾವೇ ಅಷ್ಟು ಬಿಗಿಯಾಗಿ ಹಾಕಿದ್ದ ಗಂಟನ್ನು ಬಿಚ್ಚಿ, ಪಂಚೆಯನ್ನು ಮೂತಿಯಿಂದ ಹಿಂದಕ್ಕೆ ಸರಿಸಿದರು. ಒಳಗಿನ ಹಳದಿ ಬಣ್ಣ ಬಿಸಿಲಿಗೆ ಹೊಳೆಯಿತು.

"ಯಾರೂ ಹೋಗಿಲ್ಲ ಅಜ್ಜ. ದೋಣಿ. ನನ್ನ ಮಗಳದು" ಎಂದರು. ಬಿಚ್ಚಿದ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಾ, "ಕೂತ್ಕೊಂಡು ಹೋಗೋದು" ಎಂದು ಸೇರಿಸಿದರು.

ಅಜ್ಜ ಫೈಬರನ್ನು ಬೆರಳಿನಿಂದ ಟಕಟಕ ಬಡಿದು ನೋಡಿದರು. ಬಸ್ಸಿನವರೆಲ್ಲ ಇಳಿದು ಸುತ್ತ ನೆರೆದರು, ಒಳಗೆ ಎಂಜಿನ್ ಎಲ್ಲಿದೆ, ಮೀನು ಹಿಡಿಯುತ್ತದೆಯೇ, ಒನಕೆ ಯಾಕೆ ಎಂದೆಲ್ಲ ಕೇಳಿದರು. ಮುದುಕಿ ತಾನು ಕೈ ಮುಗಿದದ್ದು ಗಂಗಮ್ಮನಿಗೆ ಸಲ್ಲಲಿ ಎಂದು ಚಪ್ಪಲಿ ಮೆಟ್ಟಿಕೊಂಡಳು. ಅಪ್ಪಾಜಿ ಒಂದೊಂದು ಪ್ರಶ್ನೆಗೂ ಉತ್ತರ ಹೇಳುತ್ತಾ ನಿಂತರು. ರೈಲು ಹೋಗಿ ಗೇಟು ತೆಗೆದ ಮೇಲೂ ಹೇಳುತ್ತಿದ್ದರು, ಹಿಂದಿನಿಂದ ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯಬೇಕಾಯಿತು. ಪಂಚೆಗಳನ್ನು ಮತ್ತೆ ಸುತ್ತಲಿಲ್ಲ.

ಕೆರೆಗೆ ಬಂದಾಗ ಬಿಸಿಲು ಇಳಿದಿತ್ತು. ಸೋದರಮಾವ ಏರಿಯ ಮೇಲೆ ಕಾಯುತ್ತಿದ್ದರು. ನಾನು ಮೊದಲು ಒಂದು ಸುತ್ತು ಹುಟ್ಟು ಹಾಕಿ ಬಂದೆ. ದಡಕ್ಕೆ ತಾಗಿಸಿ ಇಳಿಯುತ್ತಿದ್ದಂತೆ ಅಪ್ಪಾಜಿ ಚಪ್ಪಲಿ ಬಿಟ್ಟು, ಪಂಚೆ ಮೇಲಕ್ಕೆ ಕಟ್ಟಿ ನೀರಿಗೆ ಇಳಿದರು. ಹುಟ್ಟನ್ನು ಹಿಡಿಯಲಿಲ್ಲ. ನನ್ನ ಭುಜಕ್ಕೆ ಭಾರ ಬಿಟ್ಟು ದೋಣಿಯ ಕುಳಿಯೊಳಗೆ ಒಂದೊಂದೇ ಕಾಲು ಇಳಿಬಿಟ್ಟು, ಮುಂದಕ್ಕೆ ಚಾಚಿ ಕೂತರು. ಬೆನ್ನು ನೆಟ್ಟಗಿತ್ತು. ಏರಿಯ ಮೇಲಿಂದ ಅವ್ವ, "ಈಜು ಬರಾಕಿಲ್ಲ, ಹುಷಾರು ಕಣ್ರೀ" ಎಂದು ಕೂಗುತ್ತಿದ್ದಳು. ನಾನು ಸೊಂಟದ ಮಟ್ಟ ನೀರಿನಲ್ಲಿ ದೋಣಿಯ ಹಿಂತುದಿ ಹಿಡಿದು ನಿಂತಿದ್ದೆ.

ಅವರು ನೀರನ್ನು ನೋಡಲಿಲ್ಲ, ದೋಣಿಯೊಳಗೆ ಚಾಚಿದ ತಮ್ಮ ಕಾಲುಗಳನ್ನೇ ನೋಡುತ್ತಿದ್ದರು. "ಹೆಂಗದೆ ಅಪ್ಪಾಜಿ?" ಎಂದು ಕೇಳಿದೆ.

"ಇದ್ರಾಗೆ ಕೂರೋಕೆ ಮಂಡಿ ಬಗ್ಗಿಸೋದೇ ಬೇಡ ನೋಡವ್ವ" ಎಂದರು.