ಒಲೆಯಿಂದ ದೂರ ನಿಂತ ದಾವಲಸಾಬ

ದಾವಲಸಾಬ ಅಡುಗೆಯವನಾಗಿದ್ದ, ಆದರೆ ಒಲೆಯ ಹತ್ತಿರ ಹೋಗುತ್ತಿರಲಿಲ್ಲ. ಅನ್ನವನ್ನು ಬೇರೆ ಯಾರಾದರೂ ಬೇಯಿಸಿ ತಂದು ಮೇಜಿನ ಮೇಲೆ ಇಡಬೇಕು. ಅದರಿಂದ ಆವಿ ಏಳುವಷ್ಟು ಹೊತ್ತು ಅವನು ಗೋಡೆಗೆ ಬೆನ್ನು ಹಚ್ಚಿ ನಿಂತಿರುತ್ತಿದ್ದ. ಆವಿ ಅಡಗಿದ ಮೇಲೆ ಬಂದು ಪಾತ್ರೆಗೆ ಮುಂಗೈ ತಾಗಿಸಿ ನೋಡುತ್ತಿದ್ದ. "ತಣ್ಣಗಾಗಲಿ, ಆಮ್ಯಾಲೆ ಮುಟ್ರಿ" ಎನ್ನುವುದು ಅವನ ಬಾಯಿಂದ ಎಲ್ಲಕ್ಕಿಂತ ಹೆಚ್ಚು ಸಲ ಬರುತ್ತಿದ್ದ ಮಾತು. ಚಹಾವನ್ನು ಕೂಡ ಕೆನೆ ಕಟ್ಟುವವರೆಗೆ ಬಿಟ್ಟು ಕುಡಿಯುತ್ತಿದ್ದ.

ನಾನು ಅವನನ್ನು ಮೊದಲು ಕಂಡದ್ದು ಗೋವಾದಲ್ಲಿ. ಆಗ ನಾನು ಔಷಧಿ ಕಂಪನಿಯೊಂದರ ಪ್ರತಿನಿಧಿ. ಚರ್ಮದ ಬ್ಯಾಗನ್ನು ಬೈಕಿಗೆ ಕಟ್ಟಿಕೊಂಡು ರೋಣ, ನರಗುಂದ, ಗಜೇಂದ್ರಗಡ ಎಂದು ಡಾಕ್ಟರುಗಳ ಬಾಗಿಲು ಕಾಯುವ ಕೆಲಸ. ಜನರ ಕೈಗೆ ಮೊಬೈಲು ಆಗಷ್ಟೇ ಬರುತ್ತಿತ್ತು. ಆ ವರ್ಷ ಮಾರಾಟ ಚೆನ್ನಾಗಿ ಆಯಿತೆಂದು ಕಂಪನಿಯವರು ನಮ್ಮಲ್ಲಿ ಕೆಲವರನ್ನು ಹೆಂಡತಿಯರ ಸಮೇತ ಗೋವಾಕ್ಕೆ ಕಳಿಸಿದರು. ಸಮುದ್ರದ ದಂಡೆಯ ದೊಡ್ಡ ರೆಸಾರ್ಟು. ಮಧ್ಯಾಹ್ನ ಬೋಟಿನಲ್ಲಿ ತಿರುಗಾಡಬಹುದು, ಇಲ್ಲವೇ ಜಪಾನಿನ ಸುಶಿ ಮಾಡುವುದನ್ನು ಕಲಿಯಬಹುದು ಎಂದರು. ನನ್ನ ಹೆಂಡತಿ ಗಿರಿಜಾ ಕೆರೆಯ ನೀರಿಗೂ ಹೆದರುವವಳು. ಹೀಗಾಗಿ, ತತ್ತಿಯನ್ನು ಕೂಡ ಮುಟ್ಟದ ನಾವಿಬ್ಬರು ಹಸಿ ಮೀನಿನ ಅಡುಗೆ ಕಲಿಯಲು ಹೋಗಿ ನಿಂತೆವು.

ಉದ್ದನೆಯ ಮೇಜು. ಪ್ರತಿಯೊಬ್ಬರ ಮುಂದೆ ಬಿದಿರು ಕಡ್ಡಿಯ ಒಂದು ಸಣ್ಣ ಚಾಪೆ, ಕಡಲಪಾಚಿಯಿಂದ ಮಾಡಿದ ಕಪ್ಪು ಹಾಳೆ, ವಿನೆಗರ್ ಬೆರೆಸಿದ ಒಂದು ಬಟ್ಟಲು ನೀರು. ಕಲಿಸುವವನು ಬಿಳಿ ಅಂಗಿ ತೊಟ್ಟು ಹಣೆಗೆ ಬಟ್ಟೆ ಕಟ್ಟಿದ್ದ. ನಲವತ್ತರ ಆಸುಪಾಸಿನ, ತೆಳ್ಳಗಿನ ಆಳು. ರೆಸಾರ್ಟಿನವರು ಅವನನ್ನು ಜಪಾನಿ ರೀತಿಯಲ್ಲಿ 'ದಾವೂ-ಸಾನ್' ಎಂದು ಕರೆಯುತ್ತಿದ್ದರು. ಆ ಹೆಸರು ಕೇಳಿ ನಾನು ಅವನನ್ನು ಮಣಿಪುರದವನೋ ನೇಪಾಳದವನೋ ಎಂದುಕೊಂಡೆ. ಮೀನಿನ ತಟ್ಟೆ ಕಂಡು ಗಿರಿಜಾಳ ಮುಖ ಬಾಡಿದ್ದನ್ನು ಗಮನಿಸಿ, ಏನೂ ಕೇಳದೆ ಅದನ್ನು ಸರಿಸಿ ಸೌತೆಕಾಯಿ, ಗಜ್ಜರಿ ಇಟ್ಟ. ಇಂಗ್ಲಿಷಿನಲ್ಲಿ ಒಂದೊಂದೇ ಶಬ್ದ ಹೇಳಿ ತೋರಿಸುತ್ತ ಹೋದ. ಕೈ ಒದ್ದೆ ಮಾಡಿಕೊಳ್ಳಬೇಕು, ಅನ್ನವನ್ನು ಹಾಳೆಯ ಮೇಲೆ ಹಗುರಾಗಿ ಹರಡಬೇಕು, ತುದಿಯಲ್ಲಿ ಒಂದು ಬೆರಳಿನಷ್ಟು ಜಾಗ ಬಿಡಬೇಕು.

ಗಿರಿಜಾ ಅನ್ನವನ್ನು ಎರಡೂ ಕೈಯಿಂದ ಒತ್ತಿ ಒತ್ತಿ ಮಿದಿಯತೊಡಗಿದಳು. ಅವನು ಮೇಜಿನ ಆ ತುದಿಯಿಂದ ಕೂಗಿದ:

"ಹಂಗ ನಾದಬ್ಯಾಡ್ರಿ ಅವ್ವಾರ, ಅದೇನ್ ಜ್ವಾಳದ ಹಿಟ್ಟಲ್ಲ!"

ನಾವಿಬ್ಬರೂ ತಲೆಯೆತ್ತಿ ನೋಡಿದೆವು. ಅವನು ಚಾಕುವನ್ನು ಕೆಳಗಿಟ್ಟ.

"ಯಾವೂರ್ರಿ ನಿಮ್ದು?" ಎಂದಳು ಗಿರಿಜಾ, ತವರಿನವರು ಸಿಕ್ಕಷ್ಟು ಖುಷಿಯಿಂದ.

ಅವನು ಪಕ್ಕದವರ ಕಡೆ ತಿರುಗಿದ. ಉಳಿದ ಪಾಠವನ್ನೆಲ್ಲ ಕೈಯಿಂದಲೇ ಮುಗಿಸಿದ.

ನಾವು ಹೊರಗೆ ಬಂದು ತೆಂಗಿನ ಮರದ ಕೆಳಗೆ ನಿಂತಿದ್ದಾಗ ಹಿಂದಿನಿಂದ ಬಂದ. ಹಣೆಯ ಬಟ್ಟೆ ಬಿಚ್ಚಿದ್ದ. "ರೋಣದ ಕಡ್ಯಾವರೇನ್ರಿ?" ಎಂದ. ಹೌದೆಂದೆ. "ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಬಾಜೂಕ ಒಂದು ಮಿರ್ಚಿ ಅಂಗಡಿ ಇತ್ರಿ. ಇನ್ನ ಐತೇನ್ರಿ?"

ಆ ಅಂಗಡಿ ನನಗೆ ಚೆನ್ನಾಗಿ ಗೊತ್ತು. ಗಜೇಂದ್ರಗಡಕ್ಕೆ ಹೋದಾಗಲೆಲ್ಲ ಅಲ್ಲಿ ನಿಂತು ಮಿರ್ಚಿ ಭಜಿ ತಿನ್ನುತ್ತಿದ್ದೆ. "ಇಮಾಮಸಾಬಂದಲ್ಲ? ಚಲೋ ನಡದೈತಿ" ಎಂದೆ.

"ನಮ್ಮಣ್ಣರಿ ಅವ" ಎಂದು ಹೇಳಿ ನೆಲದ ಮೇಲೆ ಕೂತುಬಿಟ್ಟ.

ಅವನು ಹೇಳಿದ್ದು ಇಷ್ಟು. ಹತ್ತು ವರ್ಷದ ಹಿಂದೆ ಅಣ್ಣ ತಮ್ಮ ಇಬ್ಬರೂ ಆ ಅಂಗಡಿ ನಡೆಸುತ್ತಿದ್ದರು. ಮನೆ ಅಂಗಡಿಯ ಹಿಂದೆಯೇ. ಅಣ್ಣನಿಗೆ ಒಬ್ಬಳೇ ಮಗಳು, ಮುನ್ನಿ. ಇನ್ನೂ ಶಾಲೆಗೆ ಹಾಕಿರಲಿಲ್ಲ. ಒಂದು ದಿನ ಅವನು ಕಾದ ಎಣ್ಣೆಯ ಕಡಾಯಿಯನ್ನು ಒಲೆಯಿಂದ ಇಳಿಸಿ, ಕೈಯಲ್ಲಿ ಹಿಡಿದುಕೊಂಡೇ ಹಿಂದಕ್ಕೆ ತಿರುಗಿದ. ಮಗು ಓಡಿ ಬಂದು ಅವನ ಕಾಲಿಗೆ ಬಡಿಯಿತು, ಎಣ್ಣೆ ಅದರ ಮೈಮೇಲೆ ಚೆಲ್ಲಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಕೆಲವು ದಿನ ಇದ್ದು ತೀರಿಕೊಂಡಿತು.

"ಯಾರೂ ಒಂದ್ ಮಾತ್ ಅನ್ನಲಿಲ್ರಿ ನನಗ. ಅಂದಿದ್ರ ಇರ್ತಿದ್ನಿ. ನಮ್ಮಣ್ಣ ನನ್ನ ತಾಟಿನ್ಯಾಗ ತಾನ ಅನ್ನ ಹಾಕ್ತಿದ್ದ. ಅದನ್ನ ನೋಡಾಕ ಆಗಲಿಲ್ಲ."

ಮಗುವಿನ ಹೆಸರಿನಲ್ಲಿ ಓದಿಸುವ ನಲವತ್ತನೆಯ ದಿನದ ಫಾತಿಹಾ ಆಗುವ ಮೊದಲೇ ಸಿಕ್ಕ ಬಸ್ಸು ಹತ್ತಿದ್ದ. ಗೋವಾದಲ್ಲಿ ತಾಟು ತೊಳೆಯುವ ಕೆಲಸ ಹಿಡಿದ. ಆ ರೆಸಾರ್ಟಿಗೆ ಜಪಾನಿನಿಂದ ಒಬ್ಬ ಮುದುಕ ಬಾಣಸಿಗ ಬಂದಿದ್ದನಂತೆ. ಯಾರೂ ಹೇಳದಿದ್ದರೂ ಇವನು ಹೋಗಿ ಅವನ ಪಕ್ಕ ನಿಂತ. "ಆ ಅಡಿಗಿ ಮನ್ಯಾಗ ಎಲ್ಲಾ ಕಡೆ ಒಲಿ ಉರೀತಿದ್ವು. ಅವನ ಮೂಲ್ಯಾಗ ಒಂದ್ ಕಡೆ ಮಾತ್ರ ಒಲಿ ಇರಲಿಲ್ಲ. ಅದಕ್ಕ ಕಲ್ತೆನ್ರಿ. ಮತ್ತೇನೂ ಆಸೆ ಇರಲಿಲ್ಲ."

ಹೊರಡುವಾಗ ಗಿರಿಜಾ ಕೇಳಿದಳು, "ಊರಿಗೆ ಹೋಗಿ ನಿಮ್ಮ ಸುದ್ದಿ ಹೇಳೂಣೇನ್ರಿ?" ಅವನು ಎದ್ದು ಬಟ್ಟೆಗೆ ಹತ್ತಿದ ಮರಳು ಕೊಡವಿಕೊಂಡ. "ಭಾಬಿ ಮುಂದ ಹೇಳ್ರಿ, ನಮ್ಮಣ್ಣನ ಹೇಣ್ತಿ ಮುಂದ. ಅಕಿ ಬಾ ಅಂದ್ರ ಬರ್ತೀನಿ. ಬ್ಯಾಡ ಅಂದ್ರ ಅದನ್ನೂ ತಿಳಸ್ರಿ" ಎಂದ. ನನ್ನ ಮೊಬೈಲ್ ನಂಬರು ತೆಗೆದುಕೊಂಡ.

ಮುಂದಿನ ವಾರ ನಾನು ಗಜೇಂದ್ರಗಡಕ್ಕೆ ಹೋದೆ. ಇಮಾಮಸಾಬ ಕಡಾಯಿಯ ಮುಂದೆ ನಿಂತಿದ್ದ. ಅವನ ಹೆಂಡತಿ ರಹಮತಬಿ ಒಳಗೆ ಕೂತು ಮೆಣಸಿನಕಾಯಿ ಸೀಳುತ್ತಿದ್ದಳು. ಇಬ್ಬರಿಗೂ ಕೇಳುವಂತೆ "ದಾವಲಸಾಬ ಜೀವಂತ ಅದಾನ್ರಿ, ಗೋವಾದಾಗ" ಎಂದೆ. ಇಮಾಮಸಾಬ ಝಾರಿ ಸೌಟು ಹಿಡಿದು ಹಾಗೆಯೇ ನಿಂತ. ಎಣ್ಣೆಯಲ್ಲಿದ್ದ ಮಿರ್ಚಿ ಕಪ್ಪಾಗಿ ಹೊಗೆ ಏಳತೊಡಗಿತು. ರಹಮತಬಿಯೇ ಎದ್ದು ಬಂದು ಒಲೆ ಆರಿಸಿದಳು. "ಬರಾಕ ಹೇಳ್ರಿ. ಅವನ ಮುಂದ ನಾ ಒಂದ್ ಮಾತ್ ಆಡೂದೈತಿ" ಎಂದಳು. ಅವಳ ದನಿ ಕೇಳಿ ನನಗೆ ಅಂಜಿಕೆಯಾಯಿತು.

ದಾವಲಸಾಬ ಬಂದ. ಒಬ್ಬನೇ ಮನೆಗೆ ಹೋಗಲಾರೆ ಎಂದದ್ದಕ್ಕೆ ನಾವಿಬ್ಬರೂ ಜೊತೆಗೆ ಹೋದೆವು. ಸುತ್ತಲಿನ ಮನೆಗಳಲ್ಲಿ ಮಗ್ಗದ ಸಪ್ಪಳ ನಡೆದಿತ್ತು. ಅವನು ಹೊಸ್ತಿಲಲ್ಲೇ ನಿಂತ. ಒಳಗೆ ಅವನ ತಾಯಿ ಮಲಗುತ್ತಿದ್ದ ಹೊರಸು ಖಾಲಿಯಿತ್ತು. ಮುದುಕಿ ತೀರಿ ಮೂರು ವರ್ಷವಾಗಿತ್ತು. ನಾನೇ ಫೋನಿನಲ್ಲಿ ತಿಳಿಸಿದ್ದೆ. ಆದರೂ ಆ ಹೊರಸನ್ನು ಕಂಡಾಗ ಅವನಿಗೆ ಅದು ಆಗ ತಿಳಿದಂತೆ ಕಾಣಿಸಿತು.

ರಹಮತಬಿ ಅವನನ್ನು ಎದುರಿಗೆ ಕೂರಿಸಿಕೊಂಡಳು.

"ಆವತ್ತು ಮುನ್ನೀನ ಕೂಗಿದಾಕಿ ನಾನು. ಬಾ, ಜಡಿ ಹಾಕ್ತೀನಿ ಅಂದ್ನಿ. ಅಕಿ ನನ್ನ ಕಡೆ ಓಡಿ ಬರೂವಾಗ ನಿನಗ ಬಡದ್ಲು. ಇದನ್ನ ಯಾರ ಮುಂದೂ ಹೇಳಿಲ್ಲ. ಫಾತಿಹಾ ಮುಗೀಲಿ, ನಿನಗ ಹೇಳೂಣಂತ ಕಾದ್ನಿ. ನೀ ಇರಲೇ ಇಲ್ಲ."

"ಭಾಬಿ, ಕಡಾಯಿ ಹಿಡದ ಕೈ ನಂದು" ಎಂದ ಅವನು.

"ಕರದ ಬಾಯಿ ನಂದು. ನೀ ಹ್ವಾದ ಮ್ಯಾಲೆ ಓಣ್ಯಾಗ ಏನಂದ್ರು ಗೊತ್ತೈತೇನು? ಭಾಬಿ ಬೈದು ಹೊರಗ ಹಾಕಿದ್ಲು ಅಂದ್ರು. ಹತ್ತು ವರ್ಷ ಕೇಳೀನಿ. ನಿಂಗೊಂದ್ ಊರು ಸಿಕ್ತು ಓಡಾಕ. ನಾ ಎಲ್ಲಿ ಹೋಗ್ಲಿ?"

ಅವನು ತಲೆಯನ್ನು ಮೊಣಕಾಲಿಗೆ ಹಚ್ಚಿ ಅತ್ತ. ಅವಳು ಅಳಲಿಲ್ಲ. ಗಿರಿಜಾ ಅವಳ ಕೈ ಹಿಡಿದುಕೊಂಡು ಕೂತಳು.

ಮರುದಿನ ರಹಮತಬಿ "ಅಲ್ಲಿ ಏನ್ ಅಡಿಗಿ ಮಾಡ್ತೀಯೋ?" ಎಂದು ಕೇಳಿದ್ದಕ್ಕೆ ಅವನು ಮಾಡಿ ತೋರಿಸಿದ. ನಾವೂ ಊಟಕ್ಕೆ ಹೋಗಿದ್ದೆವು. ಅನ್ನ ಬೇಯಿಸಿದವಳು ರಹಮತಬಿ. ಅದು ಆರುವವರೆಗೆ ಅವನು ಅಂಗಳದಲ್ಲಿದ್ದ. ಕಪ್ಪು ಹಾಳೆ ಸಿಗದ ಊರು. ಕ್ಯಾಬೀಜಿನ ಎಲೆ ಬಳಸಿದ. ವಿನೆಗರಿನ ಬದಲು ಲಿಂಬೆಹುಳಿ, ಸಕ್ಕರೆ. ಮಡಿಸಿದ ಟವೆಲಿನಿಂದ ಸುರುಳಿ ಸುತ್ತಿ, ಚಾಕು ಒರೆಸಿ ಒರೆಸಿ ಕತ್ತರಿಸಿದ. ಅಣ್ಣನ ಪಾಲನ್ನು ಬೇರೆ ತಾಟಿನಲ್ಲಿ ತೆಗೆದಿಟ್ಟ. ರಹಮತಬಿ ಒಂದನ್ನು ಬಾಯಿಗೆ ಹಾಕಿಕೊಂಡು, "ಚಲೋ ಐತಿ, ಖರೇ ಭಾಳ ಸಪ್ಪಗೈತಿ" ಎಂದು ಎದ್ದುಹೋಗಿ ಗುರೆಳ್ಳ ಚಟ್ನಿ ತಂದು ಎಲ್ಲದರ ಮೇಲೂ ಉದುರಿಸಿದಳು. ಅವನು ನಕ್ಕದ್ದನ್ನು ನಾನು ನೋಡಿದ್ದು ಆ ಒಂದು ಸಲ.

ಇಮಾಮಸಾಬ ಮಾತ್ರ ಅವನ ಜೊತೆ ಮಾತಾಡಲಿಲ್ಲ. ಮನೆಗೆ ಬರುತ್ತಿದ್ದ, ಕೈಕಾಲು ತೊಳೆದು ನಮಾಜು ಮಾಡುತ್ತಿದ್ದ, ತಮ್ಮ ಇದ್ದ ಕಡೆ ನೋಡದೆ ಅಂಗಡಿಗೆ ಹೋಗುತ್ತಿದ್ದ. ಅವನಿಗೆಂದು ತೆಗೆದಿಟ್ಟ ಆ ತಾಟು ಹಾಗೆಯೇ ಉಳಿಯಿತು. ನಾನು ಅಂಗಡಿಗೆ ಹೋಗಿ ಕೇಳಿದೆ, "ಕೂಸಿನ ಸಲುವಾಗಿ ಅವನ ಮ್ಯಾಲೆ ಸಿಟ್ಟು ಇನ್ನೂ ಐತೇನ್ರಿ?"

"ಕೂಸಿನ ಸಿಟ್ಟು ಯಾವತ್ತೂ ಇರಲಿಲ್ರಿ. ನಮ್ಮಮ್ಮ ಸಾಯೂ ಮಟಾ ಬಾಗಲಾ ಹಾಕಾಕ ಬಿಡಲಿಲ್ಲ, ದಾವಲ್ಯಾ ಬರ್ತಾನ ಅಂತ. ಜೀವಂತ ಅದೀನಿ ಅಂತ ಒಂದ್ ಮಾತು ಕಳಸಾಕ ಆಗಲಿಲ್ಲೇನು ಅವಗ? ಅವ ಮಾತು ಕಳಸಲಿಲ್ಲ. ಇನ್ನ ನನ್ನ ಕಡಿಂದ್ಲೂ ಬರೂದಿಲ್ಲ."

ಹೊರಡುವ ದಿನ ದಾವಲಸಾಬ ಚೀಲ ಹಿಡಿದು ಅಂಗಡಿಯ ಹತ್ತಿರ ಬಂದ. ಒಲೆಯ ಕಾವು ತಾಗದಷ್ಟು ದೂರದಲ್ಲಿ ನಿಂತ. "ಭಾಯಿ, ಹೊಂಟೀನಿ" ಎಂದ. ಇಮಾಮಸಾಬ ಎಣ್ಣೆಯಲ್ಲಿದ್ದ ಮಿರ್ಚಿಯನ್ನು ಹೊರಳಿಸಿದ. ದಾವಲಸಾಬ ಹೋಗಿ ಬಸ್ಸು ಹತ್ತಿದ. ಕಂಡಕ್ಟರ್ ಸೀಟಿ ಊದಿದ. ರಹಮತಬಿ ಸೆರಗು ಹೊದ್ದುಕೊಂಡು ಬಸ್ಸಿನ ಕಿಡಕಿಯವರೆಗೆ ಬಂದು, "ರಂಜಾನಕ್ಕ ಬಾ. ಅಷ್ಟರಾಗ ನಿಮ್ಮಣ್ಣಗ ನಾ ತಿಳಿಸಿ ಹೇಳ್ತೀನಿ" ಎಂದಳು. "ಬರ್ತೀನಿ ಭಾಬಿ" ಎಂದ. ನನಗೆ ಸಲಾಮು ಮಾಡಿದ. ನಾನು ಅವನನ್ನು ನೋಡಿದ್ದು ಅದೇ ಕೊನೆ.

ಮಳೆಗಾಲದಲ್ಲಿ ಗೋವಾದ ರೆಸಾರ್ಟುಗಳಿಗೆ ಜನ ಬರುವುದಿಲ್ಲ. ಕೆಲಸದವರೆಲ್ಲ ಊರಿಗೆ ಹೋಗುತ್ತಾರೆ. ಇವನು ಹೋಗಲಿಲ್ಲ. ರಂಜಾನಿಗೆ ಇನ್ನೂ ದಿನಗಳಿದ್ದವು. ಕೆಲಸದವರ ಕೋಣೆಯಲ್ಲಿ ಒಬ್ಬನೇ ಇದ್ದಾಗ ಜ್ವರ ಬಂದಿದೆ. ಯಾರಿಗೂ ಹೇಳಿಲ್ಲ. ಕಾವಲುಗಾರ ನೋಡಿ ದವಾಖಾನೆಗೆ ಸಾಗಿಸುವಷ್ಟರಲ್ಲಿ ಕೈಮೀರಿತ್ತು. ಊರು ಯಾವುದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹತ್ತಿರದ ಮಸೀದಿಯವರು ಅಂದೇ ಮಣ್ಣು ಮಾಡಿದರು. ಆಮೇಲೆ ಅವನ ಮೊಬೈಲಿನಲ್ಲಿ ಕಂಡ ನಂಬರುಗಳಿಗೆ ಒಂದೊಂದಾಗಿ ಫೋನು ಮಾಡುತ್ತ ಕೊನೆಗೆ ನನಗೆ ತಿಳಿಸಿದರು.

ನಾನು ನರಗುಂದದಲ್ಲಿ ಡಾಕ್ಟರೊಬ್ಬರ ಬಾಗಿಲಲ್ಲಿ ಕೂತಿದ್ದೆ. ಬೈಕು ತಿರುಗಿಸಿಕೊಂಡು ಮಳೆಯಲ್ಲೇ ಗಜೇಂದ್ರಗಡಕ್ಕೆ ಹೋದೆ. ಸುದ್ದಿ ಕೇಳಿ ಇಮಾಮಸಾಬ ಒಲೆ ಆರಿಸಿ, ಕೈ ಒರೆಸಿಕೊಂಡು, ಗೋವಾಕ್ಕೆ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ. ನಾನೂ ಬರುತ್ತೇನೆ ಎಂದೆ. ಬೇಡವೆಂದು ತಲೆಯಾಡಿಸಿದ. ಒಳಗೆ ರಹಮತಬಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು.

ಮುಂದಿನ ಸಲ ನಾನು ಹೋದಾಗ ಅಂಗಡಿ ತೆರೆದಿತ್ತು. ಗಿರಾಕಿ ಇರಲಿಲ್ಲ. ಇಮಾಮಸಾಬ ಬಂದು ನನ್ನ ಪಕ್ಕ ಮರದ ಬಾಕಿನ ಮೇಲೆ ಕೂತ. ಗಡ್ಡ ಪೂರ್ತಿ ಬೆಳ್ಳಗಾದಂತೆ ಕಂಡಿತು. ಅವನೇ ಮಾತಾಡಿದ.

"ಹೋದ ಮ್ಯಾಲೆ ನೋಡ್ತೀನಿ, ಹೊಸ ಗೋರಿ ನಾಕ್ ಅದಾವ್ರಿ. ಒಂದರ ಮ್ಯಾಲೂ ಹೆಸರಿಲ್ಲ. ಮಳಿಗೆ ಎಲ್ಲಾ ಒಂದ ನಮೂನಿ ಆಗ್ಯಾವ. ಯಾವುದು ಅವಂದು ಅಂತ ಮಸೂತ್ಯಾವ್ರಿಗೂ ನೆಪ್ಪಿರಲಿಲ್ಲ. ಏನ್ ಮಾಡ್ಲಿ? ನಾಕರ ಮುಂದೂ ಕುಂತು ಮಾತಾಡಿ ಬಂದ್ನಿ."