ಪೇಪರಿನಲ್ಲಿ ಬರದ ಆಕಾಶನೌಕೆ

ಅಂದು ಅಂಗಳ ಗುಡಿಸಿ ನೀರು ಹೊಡೆದೆ. ಅತ್ತೆಗೆ ಸ್ನಾನಕ್ಕೆ ನೀರು ಕಾಯಿಸಿಕೊಟ್ಟೆ. ಹಿಟ್ಟು ಸಾಣಿಸಿ ರೊಟ್ಟಿ ಬಡಿದೆ, ಹೆಸರುಕಾಳು ಬೇಯಲಿಟ್ಟೆ, ಟಿವಿಯ ಮೇಲಿನ ಕೆಂಪು ಧೂಳು ಒರೆಸಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಶುರುವಾದರೆ ಆ ಧೂಳು ದಿನಾ ಒರೆಸಬೇಕು. ಆಮೇಲೆ ಹಾವೇರಿಯ ಮೊದಲ ಬಸ್ಸಿಗೆ ಬಂದ ಪೇಪರ್ ಹಿಡಿದು ಪಕ್ಕದ ದಲಾಲಿ ಅಂಗಡಿಯ ಷೆಡ್ಡಿಗೆ ಹೋದೆ. ಎರಡು ಸಾವಿರದ ಐದನೇ ಇಸವಿಯ ಆಸುಪಾಸು ಇರಬೇಕು.

ಷೆಡ್ಡಿನಲ್ಲಿ ಹೆಣ್ಣುಮಕ್ಕಳು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿರುತ್ತಿದ್ದರು. ಖಾರ ಹತ್ತಿದ ಆ ಕೈ ಪೇಪರ್ ಮುಟ್ಟುವಂತಿರಲಿಲ್ಲ. ಮಧ್ಯಾಹ್ನ ಅದರ ಮೇಲೇ ರೊಟ್ಟಿ ಇಟ್ಟುಕೊಂಡು ಉಣ್ಣಬೇಕು. ಹಾಗಾಗಿ ಓದುವ ಕೈ ಬೇರೆ ಬೇಕಿತ್ತು, ಅದು ನನ್ನದು. ನಮ್ಮವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ. ಅತ್ತೆಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ನಾನು ನಾಲ್ಕು ಮಾತು ಆಡುತ್ತಿದ್ದದ್ದೆಂದರೆ ಆ ಷೆಡ್ಡಿನಲ್ಲಿಯೇ.

ಮೊದಲು ಮೆಣಸಿನಕಾಯಿ ರೇಟು ಓದಬೇಕು. ಶುಕ್ರವಾರ ಅದರ ಬೆನ್ನಿಗೆ ಆಕಾಶನೌಕೆ. ಅದೊಂದು ಹಿಂದಿ ಧಾರಾವಾಹಿ. ಭೂಮಿಯ ಕೆಲವು ಮಂದಿ ನೀರು ಹುಡುಕಿಕೊಂಡು ನಕ್ಷತ್ರಗಳ ಕಡೆ ಹೊರಟವರು, ವರ್ಷಗಟ್ಟಲೆ ಹೋಗುತ್ತಲೇ ಇದ್ದರು. ಗುರುವಾರ, ಶುಕ್ರವಾರ ಸಂಜೆ ಟಿವಿಯಲ್ಲಿ ಬರುತ್ತಿತ್ತು. ಪೇಪರಿನವರು ಅದರ ಕಥೆ, ಫೋಟೋ, ನಟರ ಮಾತು ಎಂದು ಅರ್ಧ ಪುಟ ಹಾಕುತ್ತಿದ್ದರು. ಹೆಂಗಸರ ಮನೆಗಳಲ್ಲಿ ಟಿವಿ ಇರಲಿಲ್ಲ. ನನಗೆ ಟಿವಿ ಇದ್ದರೂ ಹಿಂದಿ ಅರ್ಧಂಬರ್ಧ. ಎಲ್ಲರಿಗೂ ಆ ಅರ್ಧ ಪುಟವೇ ಆಧಾರ.

“ಆ ಕ್ಯಾಪ್ಟನ್ನಗ ನೀರು ಸಿಕ್ತೇನಬೇ?” ಎಂದು ಕಾಗಿನೆಲೆಯಿಂದ ಬರುವ ಮುದುಕಿ ಪ್ರತಿ ವಾರ ಕೇಳುತ್ತಿದ್ದಳು.

“ಇನ್ನೂ ಇಲ್ಲ ಆಯಿ.”

“ನಮ್ಮೂರ ಬೋರ್ ಹೊಡ್ಯಾವನ್ನ ಕರಕೊಂಡು ಹೋಗಬೇಕಿತ್ತು.”

ಆ ಚಳಿಗಾಲದಲ್ಲಿ ಅರ್ಧ ಪುಟ ಕಾಲು ಪುಟವಾಯಿತು, ಆಮೇಲೆ ಫೋಟೋ ಹೋಯಿತು. ಅಂದು ಶುಕ್ರವಾರ, ಹುಡುಕಿದರೆ ಒಂದು ಸಾಲೂ ಇಲ್ಲ. ಆ ಜಾಗದಲ್ಲಿ ಮದುವೆ ಮನೆಯ ಹೊಸ ಧಾರಾವಾಹಿಯೊಂದರ ಸುದ್ದಿ.

“ಬಂದಿಲ್ಲ” ಎಂದೆ.

“ಹಂಗಾರ ಮುಗೀತು” ಎಂದಳು ಐರಣಿಯಿಂದ ಸೊಸೆಯಾಗಿ ಬಂದಿದ್ದ ಹುಡುಗಿ.

“ಮುಗದಿಲ್ಲವ್ವಾ. ನಿನ್ನಿ ಸಂಜೀಕ ನಾನ ನೋಡೇನಿ. ಇನ್ನೂ ಹೊಂಟೈತಿ.”

“ನೀವು ನೋಡಿದ್ರ ಏನಾತ್ರಿ ಅಕ್ಕಾರ? ಬಾಯಿಲೆ ರೇಟು ಹೇಳಿದ್ರ ನಮ್ಮ ಮಾವ ಚೀಲ ಬಿಚ್ಚತಾನೇನು? ಪೇಪರ್ನ್ಯಾಗ ಬರಬೇಕು.”

“ಹೋದವ್ರು ಹೋದ್ರು ಬಿಡಬೇ” ಎಂದಳು ಮುದುಕಿ. “ಎಷ್ಟ ವರ್ಷ ಹಾದಿ ಕಾಯೂದು.”

ಯಾರೂ ಚುಚ್ಚಲು ಅಂದದ್ದಲ್ಲ. ಹಿಂದಿನ ಸಂಜೆ ಕಂಡದ್ದನ್ನು ಹೇಳಲು ಹೊರಟೆ: ಬಾಗಿಲ ಮೇಲೆ ಕೆಂಪು ದೀಪ ಹತ್ತಿತು, ಕ್ಯಾಪ್ಟನ್ ಏನೋ ಹೇಳಿದ. ಏನು ಹೇಳಿದ ಎಂದರೆ ನನಗೂ ತಿಳಿದಿರಲಿಲ್ಲ. ಅಷ್ಟರಲ್ಲಿ ಮಾತು ರಾಣೆಬೆನ್ನೂರಿನ ಸೀರೆ ಅಂಗಡಿಗೆ ಹೊರಳಿತ್ತು. ರೇಟು ಓದಿಯಾಗಿತ್ತು. ರೇಟು ಓದಲು ಎಷ್ಟು ಹೊತ್ತು? ಇನ್ನು ಮೇಲೆ ಇಲ್ಲಿ ಯಾವ ನೆವದಲ್ಲಿ ಕೂರಲಿ ಎಂದುಕೊಂಡು ಪೇಪರ್ ಮಡಚಿಟ್ಟು ಎದ್ದೆ.

ಐರಣಿಯ ಹುಡುಗಿ ತಲೆ ಎತ್ತದೆ ತನ್ನ ರಾಶಿಯಲ್ಲಿ ಅರ್ಧ ನನ್ನ ಕಡೆ ಸರಿಸಿದಳು. “ಎಲ್ಲಿ ಹೊಂಟ್ರಿ? ಕುಂದ್ರಿ. ಕಣ್ಣು ಮುಟ್ಟಿಕೋಬ್ಯಾಡ್ರಿ ಮತ್ತ.”

ಸಂಜೆಯವರೆಗೆ ತೊಟ್ಟು ಮುರಿದೆ. ಕೈಗೆ ಎಣ್ಣೆ ಹಚ್ಚಿದರೂ ಉರಿ ಇಳಿಯಲಿಲ್ಲ. ಸೆರಗಿನಿಂದ ಗುಂಡಿ ಒತ್ತಿ ಟಿವಿ ಹಚ್ಚಿದೆ. ನೌಕೆ ಹೋಗುತ್ತಲೇ ಇತ್ತು. ಕ್ಯಾಪ್ಟನ್ ಕಿಟಕಿಯ ಬಳಿ ನಿಂತು ಬಹಳ ಹೊತ್ತು ಮಾತಾಡಿದ. ಅದನ್ನು ಕನ್ನಡದಲ್ಲಿ ನನಗೆ ಹೇಳುವವರು ಯಾರೂ ಇರಲಿಲ್ಲ, ನನ್ನಿಂದ ಕೇಳುವವರೂ ಇರಲಿಲ್ಲ. ಅತ್ತೆ ಕಣ್ಣು ಕಿರಿದು ಮಾಡಿ ಟಿವಿ ನೋಡಿ, “ಇವ್ರು ಇನ್ನೂ ಮನೀಗೆ ಬಂದಿಲ್ಲೇನ?” ಎಂದರು. ಇಲ್ಲವೆಂದು ಕೈ ಆಡಿಸಿದೆ.

ಉಂಡದ್ದು ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರನ್ನ. ಉರಿಯುವ ನನ್ನ ಕೈ ನೋಡಿ ಅನ್ನವನ್ನು ಅತ್ತೆಯೇ ಕಲಸಿ ನನ್ನ ತಾಟಿಗೆ ಚಮಚ ಇಟ್ಟುಕೊಟ್ಟರು. ಮೊದಲು ಮಲಗಿದ್ದೂ ಅವರೇ.