ಅರ್ಧ ಕೊಡಪಾನದ ಅರ್ಥ

ಭಾಗವತರು ಮೋಹನ ರಾಗದಲ್ಲಿ ಎತ್ತಿದರು. ಎರಡನೇ ಸಾಲಿಗೇ ತಾಳ ತಪ್ಪಿತು. ಮೂವತ್ತು ವರ್ಷ ಹಾಡಿದವರಿಗೆ ತಾಳ ತಪ್ಪುವುದೆಂದರೇನು! ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ತಪ್ಪು ಅವರದಲ್ಲ. ನಾನು ಅವರ ಕೈಗೆ ಕೊಟ್ಟದ್ದು ಪ್ರಸಂಗದ ಪದ್ಯವಲ್ಲ, ವಾರಪತ್ರಿಕೆಯಲ್ಲಿ ಬಂದಿದ್ದ ಒಂದು ನವ್ಯ ಕವನ.

ಕಳೆದ ಭಾನುವಾರ ಮಧ್ಯಾಹ್ನ ಕುಂಬ್ರದಲ್ಲಿ ನಮ್ಮ ತಾಳಮದ್ದಳೆ ಕೂಟ. ಭಾಗವತರು ಹಾಡಬೇಕು, ನಾನು ಅದಕ್ಕೆ ಅರ್ಥ ಹೇಳಬೇಕು. ಮದ್ದಳೆಯವರು ಬರಬೇಕಾದ ಸುಳ್ಯದ ಬಸ್ಸು ಬಂದಿರಲಿಲ್ಲ (ಯಾವತ್ತು ಟೈಮಿಗೆ ಬಂದಿದೆ?). ಹೊತ್ತು ಹೋಗಬೇಕಲ್ಲ? ಪ್ರಾಸವಿಲ್ಲದ ಈ ಹೊಸ ಕವನಗಳನ್ನು ಕಂಡರೆ ನನಗಾಗದು ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. "ಹಾಡಿ ಭಾಗವತರೇ, ಅರ್ಥ ನಾನು ಹೇಳ್ತೇನೆ" ಎಂದಿದ್ದೆ.

ಕವನದಲ್ಲಿ ಇದ್ದದ್ದು ಇಷ್ಟೇ. ಒಬ್ಬ ಬಾವಿಯಿಂದ ನೀರು ಸೇದುತ್ತಿದ್ದಾನೆ. ಆಚೆ ಮನೆಯ ಬಾಗಿಲ ಸದ್ದಾಗುತ್ತದೆ. ಅರ್ಧ ತುಂಬಿದ ಕೊಡಪಾನ ಎತ್ತಿಕೊಂಡು ಒಳಗೆ ಹೋಗುತ್ತಾನೆ. ಮುಗಿಯಿತು.

ನಾನು ಬಿಡುತ್ತೇನೆಯೇ? ಬಾವಿ ಎಂದರೆ ಭವಸಾಗರ, ಹಗ್ಗ ಎಂದರೆ ಮಾಯೆ, ಕೊಡಪಾನವೇ ಈ ದೇಹ ಎಂದು ಕಾಲು ಗಂಟೆ ಬಿಗಿದೆ. ಕೂತವರು ಚಪ್ಪಾಳೆ ತಟ್ಟಿದರು.

ಭಾಗವತರು ಮಾತ್ರ ಪತ್ರಿಕೆಯನ್ನು ಕೆಳಗಿಟ್ಟಿರಲಿಲ್ಲ.

"ಪದ್ಯ ಬಂದ ಕೂಡ್ಲೆ ನೀವು ಮೊದ್ಲು ಕೇಳುದು ಎಂತ ಮಾರಾಯ್ರೆ? ಇದು ಯಾರ ಮಾತು, ಯಾರಿಗೆ ಹೇಳುದು ಅಂತ. ಇವತ್ತೆಂತ ಕೇಳ್ಲಿಲ್ಲ?"

"ಇದ್ರಲ್ಲಿ ಯಾರುಂಟು ಕೇಳ್ಲಿಕ್ಕೆ?"

"ರಾಗ ಬೇಡ, ಅರ್ಥವೂ ಬೇಡ. ಒಮ್ಮೆ ಸುಮ್ನೆ ಓದಿ. ಮೆಲ್ಲ."

ಓದಿದೆ. ಬಾಗಿಲು ಎಂಬಲ್ಲಿಗೆ ಬಂದಾಗ ಆ ಸಾಲನ್ನೇ ಇನ್ನೊಮ್ಮೆ ಓದಿದೆ.

ನಮ್ಮ ಮನೆ ಪಾಲಾಗಿ ಆರು ವರ್ಷ. ನಡುವೆ ಗೋಡೆ ಎದ್ದಿದೆ. ಬಾವಿಯನ್ನು ಮಾತ್ರ ಪಾಲು ಮಾಡಲು ಯಾರಿಂದಲೂ ಆಗಲಿಲ್ಲ. ಆಚೆಯಿಂದ ಅಣ್ಣನ ಬಾಗಿಲು ಕಿರ್ರೆಂದರೆ ಸಾಕು, ಕೊಡಪಾನ ತುಂಬಲಿ ಬಿಡಲಿ, ನಾನು ಒಳಗೆ. ಅದನ್ನು ಇಷ್ಟು ದಿನ ಮರ್ಯಾದೆ ಎಂದುಕೊಂಡಿದ್ದೆ. ಪುರಾಣದ ಅಣ್ಣತಮ್ಮಂದಿರ ಜಗಳಕ್ಕೆ ಗಂಟೆಗಟ್ಟಲೆ ಅರ್ಥ ಹೇಳುವವನಿಗೆ ತನ್ನ ಮನೆಯದು ಕಾಣಲಿಲ್ಲ. ನಿಜಕ್ಕೂ ನಾಚಿಕೆಯಾಯಿತು. ಅಷ್ಟರಲ್ಲಿ ಬಸ್ಸು ಬಂತು, ಬಚಾವಾದೆ.

ಹೊಸ ಕವನ ಓದಲು ಏನೇನು ಕಲಿತಿರಬೇಕು ಎಂದು ನಿಮ್ಮಲ್ಲಿ ಕೆಲವರು ಕಾಗದ ಬರೆದು ಕೇಳಿದ್ದಿರಿ. ನಾನು ತಮಾಷೆ ಮಾಡಿ ಉತ್ತರಿಸಿದ್ದೆ. ಆ ಉತ್ತರವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಾನೂ ಈಗಷ್ಟೇ ಒಂದನೇ ಕ್ಲಾಸಿಗೆ ಸೇರಿದವನು. ಅರ್ಥಕ್ಕೆ ಅವಸರ ಮಾಡಬೇಡಿ, ಯಾರ ಮಾತು ಎಂದು ಕೇಳಿ ನೋಡಿ. (ಉತ್ತರ ನಿಮಗೆ ಹಿಡಿಸದೆಯೂ ಇರಬಹುದು.)

ಮರುದಿನ ಬೆಳಿಗ್ಗೆ ನೀರು ಸೇದುತ್ತಿದ್ದೆ. ಬಾಗಿಲು ಕಿರ್ರೆಂದಿತು. ಕಾಲು ಒಳಕ್ಕೆ ಹೊರಟಿತು, ತಡೆದು ನಿಲ್ಲಿಸಿದೆ. ಅಣ್ಣ ಬಂದ. ನನ್ನನ್ನು ನೋಡಿದ, ರಾಟೆಯನ್ನು ನೋಡಿದ.

"ಹಗ್ಗ ಸವೆದುಂಟು. ಜಾಗ್ರತೆ" ಎಂದ.

ಆರು ವರ್ಷದ ಮೇಲೆ ಬಂದ ಮೊದಲ ಮಾತು. ಪ್ರಾಸವಿಲ್ಲ, ರಾಗವಿಲ್ಲ. ಇದಕ್ಕೂ ಅರ್ಥ ಹೇಳಬೇಕೇ?